‘ಮುಂದ ಹಾಕ್ರಿ’ ಎಂಬ ಮಾತು

ನಮ್ಮದು ಲಕ್ಷ್ಮೇಶ್ವರದಲ್ಲಿ ಪೂಜೆ, ಪಂಚಾಂಗದ ಮನೆ. ಅಪ್ಪ ಮುಹೂರ್ತ ನೋಡುತ್ತಿದ್ದರು, ಅಣ್ಣ ಶಾಲೆಯಲ್ಲಿ ಮಾಸ್ತರ. ಆ ಮನೆಯಲ್ಲಿ ಮೊದಲು ನಟ್ಟು ಬಿಗಿಯುವ ಪಾನಾ ಹಿಡಿದವನು ನಾನು. ಎಪ್ಪತ್ತರ ದಶಕದ ನಡುವಿನಲ್ಲಿ ಡಿಪ್ಲೊಮಾ ಮುಗಿಸಿ ಬೆಟಗೇರಿಯ ಒಬ್ಬ ಲಾರಿ ಮಾಲೀಕರ ಶೆಡ್ಡಿಗೆ ಕೆಲಸಕ್ಕೆ ಸೇರಿದಾಗ ನನ್ನ ಚೀಲದಲ್ಲಿ ಮೂರು ಇಂಗ್ಲಿಷ್ ಪುಸ್ತಕಗಳಿದ್ದವು, ತಲೆಯಲ್ಲಿ ಅವುಗಳ ತೂಕಕ್ಕಿಂತ ಹೆಚ್ಚು ಸೊಕ್ಕಿತ್ತು. ಯಾರಾದರೂ ಏನಾದರೂ ಕೇಳಿದರೆ ಮೊದಲು ಅದು ಯಾವ ಪುಟದಲ್ಲಿದೆ ಎಂದು ಹೇಳಿ, ಆಮೇಲೆ ಉತ್ತರ ಹೇಳುತ್ತಿದ್ದೆ. ಈಗ ನೆನೆಸಿಕೊಂಡರೆ ಆ ಮಹಾಶಯನ ಕಿವಿ ಹಿಂಡಬೇಕೆನಿಸುತ್ತದೆ.

ಶೆಡ್ಡಿನಲ್ಲಿ ಡೀಸೆಲ್ ಲಾರಿಗಳ ನಡುವೆ ಒಂದು ಹಳೆಯ ಪೆಟ್ರೋಲ್ ಲಾರಿ ಉಳಿದಿತ್ತು. ಮಿಲಿಟರಿಯವರು ಹರಾಜು ಹಾಕಿದಾಗ ತಂದದ್ದಂತೆ. ಅದನ್ನು ಓಡಿಸುತ್ತಿದ್ದವರು ಮುಂಡರಗಿ ಕಡೆಯ ಕೊರ್ಲಹಳ್ಳಿಯ ಒಕ್ಕಲುತನದ ಮನೆಯವರು. ವಯಸ್ಸು ಐವತ್ತರ ಹತ್ತಿರ, ಎಲ್ಲರಿಗೂ ಕಾಕಾ. ರುಜು ಹಾಕುವುದು ಬಿಟ್ಟರೆ ಅಕ್ಷರ ಬರುತ್ತಿರಲಿಲ್ಲ. ಆದರೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಒಂದು ನಿಮಿಷ ಕೇಳಿದರೆಂದರೆ ಮೂರನೆಯ ಪ್ಲಗ್ ಸರಿಯಿಲ್ಲ ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಮೂರನೆಯದೇ ಆಗಿರುತ್ತಿತ್ತು. ಬೇರೆ ಶೆಡ್ಡಿನವರೂ ತಮ್ಮ ಗಾಡಿಯನ್ನು ನಮ್ಮ ಬಾಗಿಲಿಗೆ ತಂದು, ನನ್ನನ್ನು ದಾಟಿ ಹೋಗಿ, ಕಾಕಾಗೆ ಕೇಳಿಸಿ ಹೋಗುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು.

ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಹೊತ್ತಿಗೆ ಸರಿಯಾಗಿ ಬರಬೇಕು. ತಡವಾಗಿ ಬಂದರೆ ಗಾಡಿ ಎಳೆಯುವುದಿಲ್ಲ, ಎಂಜಿನ್ ಕಾದು ಬಿಸಿಯಾಗುತ್ತದೆ. ಬೇಗ ಬಂದರೆ ಏರಿನಲ್ಲಿ ಟಕಟಕ ಬಡಿದುಕೊಳ್ಳುತ್ತದೆ, ಮುಂದೆ ನಿಂತು ಹ್ಯಾಂಡಲ್ ತಿರುವುವಾಗ ಕೈಗೆ ಒದೆಯುತ್ತದೆ. ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ ಈ ಹೊತ್ತನ್ನು ಕೂಡಿಸುವುದಕ್ಕೇ ಟೈಮಿಂಗ್ ಎನ್ನುತ್ತಾರೆ. ಕಿಡಿಯನ್ನು ಬೇಗ ತರುವುದು ನನ್ನ ಪುಸ್ತಕಗಳಲ್ಲಿ ಅಡ್ವಾನ್ಸ್. ನಾವು ಓದುವಾಗ ಅದನ್ನೇ ‘ಮುಂದೆ’ ಎಂದು ಕನ್ನಡ ಮಾಡಿಕೊಂಡಿದ್ದೆವು.

ಒಂದು ವಾರ ಆ ಲಾರಿಯ ಎಂಜಿನ್ ಬಿಚ್ಚಿ, ವಾಲ್ವ್ ತಿಕ್ಕಿ, ಕಿಡಿಯ ಹೊತ್ತು ತೋರಿಸುವ ಬಲ್ಬು ಹಚ್ಚಿ ನೋಡಿ, ಟೈಮಿಂಗನ್ನು ಪುಸ್ತಕದಲ್ಲಿ ಇದ್ದಂತೆಯೇ ಕೂಡಿಸಿದೆ. ಎಂಜಿನ್ನಿಗೆ ವಯಸ್ಸಾಗಿದೆ, ನಮಗೆ ಸಿಗುವ ಪೆಟ್ರೋಲು ಪುಸ್ತಕದ ಪೆಟ್ರೋಲಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಕಾಕಾ ಒಂದು ಸಲ ಮುಂಡರಗಿಗೆ ಹೇರು ಒಯ್ದು ಬಂದರು. ಮರುದಿನ ಬೆಳಿಗ್ಗೆ ಮಾಲೀಕರೂ ಅಲ್ಲೇ ನಿಂತಿದ್ದಾಗ ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದರು.

“ಸಾಹೇಬ್ರ, ಟೈಮಿಂಗ್ ಒಂದೀಟ ಮುಂದ ಹಾಕ್ರಿ.”

ಇನ್ನೂ ಏನೋ ಹೇಳುವವರಿದ್ದರು. ನಾನು ಕೈ ಅಡ್ಡ ಮಾಡಿ, ಗೊತ್ತಾಯಿತು ಹೋಗಿ ಎಂದೆ. ಮೈಯೆಲ್ಲ ಉರಿಯುತ್ತಿತ್ತು. ನಾನು ಕೂಡಿಸಿದ್ದನ್ನು ಮಾಲೀಕರ ಎದುರು ತಿದ್ದುವುದೆಂದರೇನು? ಇನ್ನೂ ಮುಂದೆ ಹಾಕಿದರೆ ಎಂಜಿನ್ ಬಡಿದುಕೊಳ್ಳುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಡಿದುಕೊಳ್ಳಲಿ, ಮುಂಡರಗಿಗೆ ಹೋಗುವ ಡಂಬಳದ ದಾರಿಯ ಏರಿನಲ್ಲಿ ಮಾನ ಹೋಗಲಿ, ತಿರುಗಿ ಬಂದು ತಪ್ಪಾಯಿತು ಅನ್ನಲಿ ಎಂದುಕೊಂಡೆ. ಸ್ಕ್ರೂ ಸಡಿಲಿಸಿ, ಅವರು ಕೇಳಿದ ಒಂದೀಟು ಅಲ್ಲ, ಅರ್ಧ ಬೆರಳಿನಷ್ಟು ತಿರುಗಿಸಿ ಬಿಗಿದೆ. ಬಲ್ಬು ಹಚ್ಚಿ ನೋಡಲಿಲ್ಲ. ಹ್ಯಾಂಡಲ್ಲಿನ ನೆನಪೇ ಆಗಲಿಲ್ಲ.

ಆ ಲಾರಿಯ ಬ್ಯಾಟರಿ ಸೋತಿತ್ತು, ಬೆಳಗಿನ ಹೊತ್ತು ಹ್ಯಾಂಡಲ್ಲಿಗೇ ಏಳುತ್ತಿತ್ತು. ಕಾಕಾ ಹ್ಯಾಂಡಲ್ ಹಾಕಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು, ಹಿಡಿಯಬೇಕಾದ ರೀತಿಯಲ್ಲೇ ಹಿಡಿದು ಎತ್ತಿದರು. ಎಂಜಿನ್ ತಿರುಗಿ ಒದೆಯಿತು. ಹ್ಯಾಂಡಲ್ ಕೈತಪ್ಪಿ ಗರ್ರನೆ ಸುತ್ತಿ ಮಣಿಕಟ್ಟಿಗೆ ಬಡಿಯಿತು. ಎಲುಬು ಮುರಿದ ಸಪ್ಪಳ ನಾನು ನಿಂತಲ್ಲಿಗೆ ಕೇಳಿಸಿತು. ಕಾಕಾ ಬಂಪರಿಗೆ ಬೆನ್ನು ಕೊಟ್ಟು ನೆಲಕ್ಕೆ ಕುಳಿತರು.

ಮಾಲೀಕರು ಓಡಿ ಬಂದರು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ನಾನಾಗಿಯೇ ಬಾಯಿ ಬಿಟ್ಟೆ.

“ಮುಂದ ಹಾಕ್ರಿ ಅಂತ ಅವರ ಅಂದ್ರು, ನಾ ಹಾಕೀನಿ.”

ಕಾಕಾ ನನ್ನ ಮುಖ ನೋಡಿದರು, ಎಂಜಿನ್ನಿನ ಕಡೆ ನೋಡಿದರು. ಏನೋ ಲೆಕ್ಕ ತಪ್ಪಿದವರಂತೆ ಹುಬ್ಬು ಗಂಟು ಹಾಕಿ, “ಹೌದ್ರಿ, ನಾನ ಅಂದಿದ್ದೆ” ಎಂದರು. ಅವರನ್ನು ಟಾಂಗಾದಲ್ಲಿ ಗದಗಿನ ದವಾಖಾನೆಗೆ ಕರೆದೊಯ್ದರು. ನಾನು ಜೊತೆಗೆ ಹೋಗಲಿಲ್ಲ, ಕೆಲಸವಿದೆ ಎಂದೆ.

ಆ ಭಾನುವಾರ ಊರಿಗೆ ಹೋಗಿ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತ ಕುಳಿತಿದ್ದೆ. ಶಿರಹಟ್ಟಿಯಿಂದ ಹೆಣ್ಣಿನ ಕಡೆಯವರು ಅಪ್ಪನ ಹತ್ತಿರ ಬಂದರು. ಮನೆಯಲ್ಲಿ ಹಿರಿಯರು ತೀರಿಕೊಂಡಿದ್ದಾರೆ, ಗೊತ್ತು ಮಾಡಿದ ದಿನಕ್ಕೆ ಲಗ್ನ ಆಗುವಂತಿಲ್ಲ ಎಂದು ಸಂಕಟ ಹೇಳಿಕೊಂಡರು. ಆಮೇಲೆ ಅವರಲ್ಲೊಬ್ಬರು ಕೈಮುಗಿದು, “ಲಗ್ನ ಒಂದೀಟ ಮುಂದ ಹಾಕ್ರಿ” ಎಂದರು. ಅಪ್ಪ ತಲೆಯಾಡಿಸಿ ಪಂಚಾಂಗದಲ್ಲಿ ಮುಂದಿನ ತಿಂಗಳು ತೆಗೆದರು.

ಅವಲಕ್ಕಿಯ ತಟ್ಟೆ ಕೆಳಗಿಟ್ಟೆ. ಮುಂದೆ ಹಾಕುವುದೆಂದರೆ ತಡ ಮಾಡುವುದು. ಹುಟ್ಟಿದಾಗಿನಿಂದ ಇದೇ ಪಡಸಾಲೆಯಲ್ಲಿ ಮುಂಜಿವೆ, ಲಗ್ನ, ಎಲ್ಲವನ್ನೂ ಜನ ಹೀಗೇ ಮುಂದೆ ಹಾಕಿಸಿಕೊಂಡು ಹೋಗುವುದನ್ನು ಕೇಳಿ ಬೆಳೆದವನು ನಾನು. ಕಾಕಾ ಹೇಳಿದ್ದೂ ಅದನ್ನೇ. ಆ ಹಳೆಯ ಎಂಜಿನ್ನಿಗೆ ಪುಸ್ತಕದ ಗುರುತಿನಲ್ಲೂ ಕಿಡಿ ಬೇಗ ಬರುತ್ತಿದೆ, ಸ್ವಲ್ಪ ತಡ ಮಾಡಿ ಎಂದಿದ್ದರು. ಬಾಯಿ ಮುಚ್ಚಿಸದೆ ಬಿಟ್ಟಿದ್ದರೆ ಏರಿನಲ್ಲಿ ಬಡಿಯುವುದನ್ನೂ ಹ್ಯಾಂಡಲ್ ಒದೆಯುವುದನ್ನೂ ಹೇಳುತ್ತಿದ್ದರು. ಶೆಡ್ಡಿನಲ್ಲಿ ಹುಟ್ಟಿ ಬೆಳೆದವನು ತಪ್ಪು ತಿಳಿದಿದ್ದರೆ ಕ್ಷಮೆ ಇತ್ತು. ಪಂಚಾಂಗದ ಮನೆಯ ಮಗ ತಪ್ಪು ತಿಳಿದಿದ್ದ.

ಸೋಮವಾರ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋಗಿ ಟೈಮಿಂಗ್ ಹಿಂದಕ್ಕೆ ತಂದೆ, ಪುಸ್ತಕದ ಗುರುತಿಗಿಂತಲೂ ಒಂದೀಟು ತಡವಾಗಿ. ಹೊಸ ಡ್ರೈವರ್ ಮುಂಡರಗಿಗೆ ಹೋಗಿ ಬಂದು, ಏರಿನಲ್ಲಿ ಒಂದು ಸಪ್ಪಳವಿಲ್ಲ, ಸಾಹೇಬರ ಕೈಗುಣ ಭಾರಿ ಎಂದು ಮಾಲೀಕರೆದುರು ಹೊಗಳಿದ. ನಾನು ಆ ಹೊಗಳಿಕೆಯನ್ನು ತೆಗೆದುಕೊಂಡೆ. ಕೈ ಒರೆಸಿಕೊಳ್ಳುತ್ತ, ನಗುತ್ತ ತೆಗೆದುಕೊಂಡೆ.

ಎರಡು ತಿಂಗಳ ಮೇಲೆ ಕಾಕಾ ಬಂದರು. ಮಣಿಕಟ್ಟು ಸೊಟ್ಟಗೆ ಕೂಡಿತ್ತು. ಹ್ಯಾಂಡಲ್ ಬೇಡದ, ಸೆಲ್ಫ್ ಸ್ಟಾರ್ಟರಿಗೆ ಏಳುವ ಡೀಸೆಲ್ ಗಾಡಿಯನ್ನಾದರೂ ಕೊಡಿ ಎಂದು ಕೇಳಿದರು. ಮಾಲೀಕರು ಕೆಟ್ಟವರಲ್ಲ, ಆದರೆ ಎಂಜಿನ್ನಿನ ಸೂಕ್ಷ್ಮ ತಿಳಿಯದಂತಾದ ಮೇಲೆ ಗಾಡಿ ಹೇಗೆ ಕೊಡಲಿ, ಊರಲ್ಲಿ ಹೊಲ ನೋಡಿಕೊಂಡಿರು ಎಂದು ಹೇಳಿ ಕಳಿಸಿದರು. ನಾನು ನಾಲ್ಕು ಮಾರು ದೂರದಲ್ಲಿ ಪಾನಾ ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು. ಬಗ್ಗಿ, ಬಿಗಿಯಾಗಿಯೇ ಇದ್ದ ನಟ್ಟೊಂದನ್ನು ಮತ್ತೆ ಬಿಗಿದೆ.

ಎಂಟು ವರ್ಷ ಕಳೆದ ಮೇಲೆ ಕೊರ್ಲಹಳ್ಳಿಗೆ ಹೋದೆ. ಈ ಕಡೆ ಒಂದು ಗಾಡಿ ನೋಡುವುದಿತ್ತು ಎಂದು ಕಾಕಾಗೆ ಹೇಳಿದೆ. ಅದೂ ಸುಳ್ಳೇ. ಅವರು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದರು. ಅಷ್ಟರಲ್ಲಿ ಪಕ್ಕದ ಮನೆಯವರು ಬಂದು, ಹೊಳೆಯಿಂದ ನೀರೆತ್ತುವ ಎಂಜಿನ್ ಬಡಿದುಕೊಳ್ಳುತ್ತಿದೆ, ಬಂದು ಒಂದು ಸಲ ಕೇಳು ಎಂದು ಕರೆದರು. ಆ ಬಡಿತ ಕಟ್ಟೆಯವರೆಗೂ ಕೇಳುತ್ತಿತ್ತು.

“ನನ್ನ ಕೇಳಬ್ಯಾಡೋ, ನನಗ ಅದೆಲ್ಲ ತಿಳಿಯಂಗಿಲ್ಲ. ಇಲ್ಲೇ ಸಾಹೇಬ್ರ ಅದಾರ, ಇವರ್ನ ಕೇಳು,” ಎಂದರು ಕಾಕಾ.

ಇನ್ನು ತಡೆಯಲು ಆಗಲಿಲ್ಲ. ಆಮೇಲೆ ಬಂದು ನೋಡುತ್ತೇನೆಂದು ಆ ಮನುಷ್ಯನನ್ನು ಕಳಿಸಿ, ಕಾಕಾಗೆ ಎಲ್ಲವನ್ನೂ ಹೇಳಿದೆ, ಸಿಟ್ಟಿನಿಂದ ಅರ್ಧ ಬೆರಳು ತಿರುಗಿಸಿದ್ದನ್ನೂ ಬಿಡದೆ ಹೇಳಿದೆ. ಅವರು ನೆಲ ನೋಡುತ್ತ ಕೇಳಿದರು.

“ಅಂದ್ರ ನಾ ಹೇಳಿದ್ದು ಬರೋಬ್ಬರಿ ಇತ್ತು?”

ಹೌದು ಎಂದೆ.

“ನಿಮಗ ಯಾವಾಗ ತಿಳೀತ್ರಿ?”

ಅದೇ ವಾರ ಎಂದೆ.

ಸೊಟ್ಟ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. “ಕೈ ಹೋದದ್ದಕ್ಕ ನಾ ಅತ್ತಿಲ್ರಿ,” ಎಂದರು. “ಎಂಟು ವರ್ಷ ನನ್ನ ಕಿವಿ ನಾನ ನಂಬಲಿಲ್ಲ.”

ಎದ್ದು, ಹೊಳೆಯ ಕಡೆ ಹೊರಟರು. ನಾನೂ ಏಳಹೋದೆ. “ನೀವು ಕುಂಡ್ರಿ,” ಎಂದು ಹಿಂತಿರುಗಿ ನೋಡದೆ ಒಬ್ಬರೇ ಹೋದರು. ಸ್ವಲ್ಪ ಹೊತ್ತಿಗೆ ಎಂಜಿನ್ ನಿಂತಿತು. ಮತ್ತೆ ಶುರುವಾದಾಗ ಬಡಿತ ಹೋಗಿತ್ತು, ಒಂದೇ ಸಮನೆ ಓಡುತ್ತಿತ್ತು. ಅವರು ತಿರುಗಿ ಬರುವ ಮೊದಲೇ ನಾನು ಚಪ್ಪಲಿ ಮೆಟ್ಟಿ ಬಸ್ಸಿಗೆ ನಡೆದುಬಿಟ್ಟಿದ್ದೆ.