ಕೂಸಿನ ಸಾಲಿಗೆ ನೆದರು

ಬ್ಯಾಡಗಿಯಲ್ಲಿ ಯಾವ ತಾಯಿಯೂ ತನ್ನ ಕೂಸು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ತೊಡೆಯ ಮೇಲೆ ಮಡಿಕೆ ಬಿದ್ದ, ಎತ್ತಿದರೆ ತೋಳು ನೋಯುವಂಥ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ "ಎಲ್ಲಿದ್ರೀ, ಸೊರಗಿ ಕಡ್ಡಿ ಆಗೇತಿ" ಎನ್ನುತ್ತಾಳೆ. ಕೇಳಿದವರೂ "ಹೌದವಾ, ಮೈಗೇ ಹತ್ತವಲ್ದು" ಎಂದು ಗಂಭೀರವಾಗಿ ತಲೆಯಾಡಿಸುತ್ತಾರೆ. ಹೊಗಳಿದರೆ ನೆದರು, ಅಂದರೆ ಕೆಟ್ಟ ದೃಷ್ಟಿ, ತಾಗುತ್ತದೆ. ಎಲ್ಲರಿಗೂ ಗೊತ್ತಿರುವ ಸುಳ್ಳು ಇದು. ಯಾರಿಗೂ ಇದರಿಂದ ನಷ್ಟವಿಲ್ಲ. ಆದರೆ ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಒಂದು ದಿನ ಈ ಸುಳ್ಳೇ ನನ್ನ ಜೀವ ಹಿಂಡಿತು.

ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಅಲ್ಲಿದ್ದ ಸಣ್ಣದೊಂದು ಸ್ವಯಂಸೇವಾ ಸಂಸ್ಥೆಯಲ್ಲಿ ನನಗೆ ಕೆಲಸ. ರಾಣೆಬೆನ್ನೂರಿನಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು, ವರ್ಷ ತುಂಬದ ಮಗಳನ್ನು ಎತ್ತಿಕೊಂಡು ಬ್ಯಾಡಗಿಗೆ ಹೋಗುತ್ತಿದ್ದೆ. ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮ ಸಂಸ್ಥೆ ಒಂದು ಶಿಶುವಿಹಾರ ನಡೆಸುತ್ತಿತ್ತು. ಹೆಂಗಸರು ಅದನ್ನು ಕೂಸಿನ ಸಾಲಿ ಎನ್ನುತ್ತಿದ್ದರು. ಒಂದು ತಗಡಿನ ಕೋಣೆ, ಮುಂದೆ ಬೇವಿನ ಮರದ ಅಂಗಳ, ಮೂಲೆಯಲ್ಲಿ ಗಂಜಿ ಬೇಯಿಸುವ ಕಟ್ಟಿಗೆ ಒಲೆ. ತಾಯಂದಿರು ಮಾರುಕಟ್ಟೆಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂರುತ್ತಿದ್ದರು. ಸಾಲಿ ಇಲ್ಲದಿದ್ದಾಗ ಅವರ ಕೂಸುಗಳೂ ಆ ರಾಶಿಗಳ ಪಕ್ಕದಲ್ಲೇ ಗೋಣಿಚೀಲದ ಮೇಲೆ ಮಲಗುತ್ತಿದ್ದವು. ಕಣ್ಣು ಕೆಂಪಾಗಿ ಊದಿಕೊಂಡು, ಕೆಮ್ಮಿ ಕೆಮ್ಮಿ ಉಸಿರು ಸಿಕ್ಕಿಕೊಂಡು ನೀಲಿಗಟ್ಟುತ್ತಿದ್ದವು. ಆ ಕೆಮ್ಮನ್ನು ಕೇಳಿದವರಿಗೆ ಸಾಲಿ ಯಾಕೆ ಬೇಕು ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಮಗೆ ನೆರವು ಕೊಡುವವರು ಮಾತ್ರ ಅದನ್ನು ಕೇಳಿರಲಿಲ್ಲ.

ಆ ವರ್ಷ ನೆರವು ಕೊಡುವವರು ಹೊಸ ಪದ್ಧತಿ ತಂದರು. ಕಾರ್ಯಕ್ರಮ ಚೆನ್ನಾಗಿದೆಯೋ ಇಲ್ಲವೋ ಎಂದು ಇನ್ನು ಮೇಲೆ ನಾವು ಬರೆದು ಕಳಿಸುವಂತಿಲ್ಲ. ಜನರೇ ಅಳೆದು ಹೇಳಬೇಕು. ಅದರ ಹೆಸರು ಸಹಭಾಗಿ ಮೌಲ್ಯಮಾಪನ. ಮಾತೇನೋ ನ್ಯಾಯವಾದದ್ದೇ, ನನಗೂ ಹಿಡಿಸಿತ್ತು. ಆದರೆ ಮೇಡ್ಲೇರಿ ಕಡೆ ನಡೆಯುತ್ತಿದ್ದ ನಮ್ಮ ಹೊಲಿಗೆ ತರಗತಿಯಲ್ಲಿ ಹೆಂಗಸರು ಏನೋ ಮುಜುಗರಕ್ಕೆ ಅರೆಮನಸ್ಸಿನ ಉತ್ತರ ಕೊಟ್ಟಿದ್ದರು. ಮುಂದಿನ ತಿಂಗಳಿಗೆ ಅದು ಮುಚ್ಚಿತ್ತು. ಈಗ ಸರದಿ ಕೂಸಿನ ಸಾಲಿಯದು. ಹಾವೇರಿಯ ನಮ್ಮ ಮುಖ್ಯಸ್ಥರು ನನ್ನನ್ನು ಕರೆದು, "ನೀವು ಬಾಯಿ ಹಾಕಬ್ಯಾಡ್ರಿ. ಕಾರ್ಯಕರ್ತರು ಮಾತಾಡಿದ್ರ ಅವರು ಆ ಉತ್ತರ ಲೆಕ್ಕಕ್ಕ ಹಿಡಿಯಂಗಿಲ್ಲ" ಎಂದು ಎಚ್ಚರಿಸಿದರು.

ಅಂದಿನಿಂದ ರೈಲಿನಲ್ಲಿ ಕೂತರೂ ಅದೇ ಚಿಂತೆ. ಅಳೆಯುವವರು ಬರುತ್ತಾರೆ ಎಂದು ಹೇಳಿದಾಗ ಹೆಂಗಸರು ಅರ್ಥ ಮಾಡಿಕೊಂಡದ್ದೇ ಬೇರೆ. "ತಕ್ಕಡಿ ತರ್ತಾರೇನ್ರಿ ಅಕ್ಕೋರ?" ಎಂದು ಒಬ್ಬಳು ಕೇಳಿದಳು. ನಾನು ತಿಂಗಳಿಗೊಮ್ಮೆ ಕೂಸುಗಳನ್ನು ತೂಗುವ ದಿನವೇ ಅವರಿಗೆ ಏನಾದರೊಂದು ನೆವ ಸಿಗುತ್ತಿತ್ತು: ಕೂಸಿಗೆ ನೆಗಡಿ, ತವರಿಗೆ ಹೋಗೇತಿ, ಇವತ್ತು ಅಮಾಸಿ. ತೂಕ ಗೊತ್ತಾದರೂ ನೆದರು ಆಗುತ್ತದಂತೆ. ನಾನು ರೇಗುತ್ತಿದ್ದೆ. "ನೆದರು ಗಿದರು ಏನೂ ಇಲ್ರವಾ, ಎಲ್ಲಾ ನಿಮ್ಮ ತಲ್ಯಾಗಿನ ಹುಳ" ಎಂದು ದೊಡ್ಡ ಭಾಷಣ ಬಿಗಿಯುತ್ತಿದ್ದೆ. ಅವರು ಎಲ್ಲವನ್ನೂ ಕೇಳಿ, "ಹೂಂ ರಿ" ಎಂದು, ಹೋಗುವಾಗ ಕೂಸಿನ ಕೆನ್ನೆಗೆ ಇನ್ನೊಂದು ಕಾಡಿಗೆ ಬೊಟ್ಟು ಹಚ್ಚಿಕೊಂಡು ಹೋಗುತ್ತಿದ್ದರು.

ಅಳೆಯಲು ಬಂದವರು ಬೆಂಗಳೂರು ಕಡೆಯ ಒಬ್ಬ ಮೇಡಂ. ಒಳ್ಳೆಯವರು. ಕುರ್ಚಿ ಬೇಡವೆಂದು ಬೇವಿನ ನೆರಳಲ್ಲಿ ನೆಲಕ್ಕೇ ಕೂತರು. ಒಬ್ಬೊಬ್ಬ ತಾಯಿಯ ಮುಂದೆ ರಂಗೋಲಿ ಪುಡಿಯಲ್ಲಿ ಒಂದೊಂದು ದುಂಡು ಬರೆದರು. ಆಮೇಲೆ ಚೀಲದಿಂದ ಏನೋ ತೆಗೆದು ನಡುವೆ ಸುರಿದರು. ನೋಡುತ್ತೇನೆ, ಕೆಂಪಗೆ ಹೊಳೆಯುವ ಮೆಣಸಿನಕಾಯಿ!

"ಬೇರೆ ಊರಲ್ಲಿ ಹುಣಸೆ ಬೀಜ ಕೊಡ್ತೀವಿ. ಇದು ನಿಮ್ಮೂರಲ್ವಾ, ಅದಕ್ಕೇ ಇದು" ಎಂದು ನಕ್ಕರು. "ಇಲ್ಲಿಗೆ ಬಂದ ಮೇಲೆ ನಿಮ್ಮ ಮಗು ಎಷ್ಟು ಸುಧಾರಿಸಿದೆ ಅನ್ಸುತ್ತೋ ಅಷ್ಟು ಮೆಣಸಿನಕಾಯಿ ಇಡಿ. ತುಂಬಾ ಸುಧಾರಿಸಿದ್ರೆ ತುಂಬಾ ಇಡಿ."

ಕೂಸಿನ ಏಳಿಗೆಯನ್ನು ಎಲ್ಲರೆದುರು ತೋರಿಸುವುದೇ ದೊಡ್ಡ ಮಾತು. ಅದನ್ನು ಮೆಣಸಿನಕಾಯಿಯಿಂದ ತೋರಿಸಬೇಕಂತೆ. ಈ ಊರಲ್ಲಿ ಮೆಣಸಿನಕಾಯಿ ಹಿಡಿದು ಕೂಸಿನ ಮುಂದೆ ಬರುವುದು ಒಂದೇ ಕೆಲಸಕ್ಕೆ: ನೆದರು ತಾಗಿದಾಗ ನೀವಾಳಿಸಿ ಒಲೆಗೆ ಹಾಕುವುದಕ್ಕೆ.

ಮೊದಲು ಕೂತಿದ್ದವಳು ಒಬ್ಬ ಎಳೆಯ ತಾಯಿ. ಅವಳ ಗಂಡುಕೂಸು ಸಾಲಿಗೆ ಬರುವಾಗ ಕಣ್ಣು ಬಿಡಲಾರದಷ್ಟು ಊದಿಸಿಕೊಂಡು ಬಂದಿತ್ತು. ಈಗ ಅದನ್ನು ಹಿಡಿದು ಕೂರಿಸುವುದೇ ಕಷ್ಟ. ಅವಳು ಪಕ್ಕದಲ್ಲಿದ್ದ ಅತ್ತೆಯ ಮುಖ ನೋಡಿದಳು. ಅತ್ತೆ ಮಾರುಕಟ್ಟೆಯ ಹೆಂಗಸರಿಗೆಲ್ಲ ಹಿರಿಯಳು. ಅವಳ ಹುಬ್ಬು ಒಂದಿಷ್ಟು ಅಲುಗಿತು. ಸೊಸೆ ರಾಶಿಯಲ್ಲಿ ಕೈಯಾಡಿಸಿ, ಮುರಿದ ಒಂದು ತುಂಡನ್ನು ಹುಡುಕಿ ತನ್ನ ದುಂಡಿನ ಅಂಚಿಗೆ ಇಟ್ಟಳು. ಮುಂದಿನವಳು ಅದನ್ನೂ ಇಡಲಿಲ್ಲ. "ನಮ್ದೇನೈತ್ರಿ, ಹಂಗ ಐತಿ" ಎಂದಳು. ಅಂಗಳದ ತುಂಬ ದುಂಡುಗಳು ಖಾಲಿ, ನಡುವಿನ ರಾಶಿ ಇದ್ದಲ್ಲೇ ಇತ್ತು.

"ಹಾಗಾದ್ರೆ ಶಿಶುವಿಹಾರದಿಂದ ಪ್ರಯೋಜನ ಆಗಿಲ್ವಾ?" ಎಂದು ಮೇಡಂ ಕೇಳಿದರು.

"ಅಡ್ಡಿಯಿಲ್ರಿ" ಎಂದಳು ಹಿರಿಯಳು. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮೇಡಂ ಮುಖ ಇನ್ನಷ್ಟು ಸಣ್ಣದಾಯಿತು.

ಹೇಳಿಬಿಡಬೇಕು ಎಂದು ನಾಲಿಗೆ ತುರಿಸುತ್ತಿತ್ತು. ಆದರೆ ಏನೆಂದು ಹೇಳಲಿ? "ಇವರ ಕೂಸುಗಳೆಲ್ಲ ಗುಂಡುಕಲ್ಲಿನ ಹಾಗಿವೆ, ಹೇಳಲು ಹೆದರುತ್ತಾರೆ" ಎಂದರೆ ಅದೇ ಹೊಗಳಿಕೆಯಾಯಿತು. ಆ ಹೆಂಗಸರು ಮತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ಮೇಲಾಗಿ ನಾನು ಬಾಯಿ ಹಾಕುವಂತಿಲ್ಲ. ಎರಡೂ ಕಡೆಯಿಂದ ಬಾಯಿಗೆ ಬೀಗ. ಸಾಲಿಯ ಬಾಗಿಲಿಗೂ ಬೀಗ ಬಿದ್ದಂತೆಯೇ ಎನಿಸಿತು.

ಅಷ್ಟರಲ್ಲಿ ಮೇಡಂ ನನ್ನ ಕಡೆ ತಿರುಗಿದರು. "ನಿಮ್ಮ ಮಗುವೂ ಇಲ್ಲೇ ಇರೋದು ಅಲ್ವಾ? ಕಾರ್ಯಕರ್ತೆಯಾಗಿ ಬೇಡ, ತಾಯಿಯಾಗಿ ನೀವೂ ಇಡಿ."

ದೇವರೇ ದಾರಿ ತೋರಿಸಿದ ಎಂದುಕೊಂಡೆ. ಬಗ್ಗಿ ಮುಷ್ಟಿ ತುಂಬ ಮೆಣಸಿನಕಾಯಿ ತೆಗೆದುಕೊಂಡೆ. ನನ್ನನ್ನು ನೋಡಿ ಉಳಿದವರೂ ಇಡಬಹುದು, ಸಾಲಿ ಉಳಿಯಬಹುದು. ಎದುರಿಗೆ ಮಗಳು ಕೂತು, ಹೊಸದಾಗಿ ಬಂದ ಹಲ್ಲು ತೋರಿಸಿ ಚಪ್ಪಾಳೆ ಹೊಡೆಯುತ್ತಿದ್ದಳು. ಹೆಂಗಸರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಹಿಂದಿನ ತಿಂಗಳು ಮಗಳಿಗೆ ಬಂದಿದ್ದ ಜ್ವರ ನೆನಪಾಯಿತು. ಮುಷ್ಟಿ ಬಿಚ್ಚಲೇ ಇಲ್ಲ. ಅಷ್ಟೆಲ್ಲ ಭಾಷಣ ಬಿಗಿದ ನಾನು ಮೆಣಸಿನಕಾಯಿಗಳನ್ನು ಮರಳಿ ರಾಶಿಗೆ ಹಾಕಿ, "ಇವಳೂ ಹಾಗೇ ಇದ್ದಾಳೆ ಮೇಡಂ, ಏನೋ ಇದ್ದಾಳೆ" ಎಂದುಬಿಟ್ಟೆ.

ಮೇಡಂ ಎದ್ದರು. ಎಲ್ಲ ಮುಗಿಯಿತು ಎಂಬಂತೆ ಸೀರೆ ಕೊಡವಿಕೊಂಡು, ಹೋಗುವ ಮುಂಚೆ ಒಂದು ಅಕ್ಕರೆಗೆ ಆ ಎಳೆಯ ತಾಯಿಯ ಕೂಸನ್ನು ಎತ್ತಿಕೊಂಡರು. ಎತ್ತಿದವರೇ, "ಅಯ್ಯಪ್ಪಾ, ಎಷ್ಟು ದುಂಡಗಿದ್ದಾನೆ! ಎಷ್ಟು ಭಾರ!" ಎಂದರು.

ತಾಯಿ ಧಾವಿಸಿ ಕೂಸನ್ನು ಕಿತ್ತುಕೊಂಡಳು. "ನಿಂತ್ ನೋಡ್ತಿ ಏನ? ಲಗೂ ತಗೋ!" ಎಂದು ಅತ್ತೆ ಕೂಗಿದಳು. ಸೊಸೆ ರಾಶಿಯಿಂದ ಒಂದು ಮುಷ್ಟಿ ಬಾಚಿ, "ಬಂದೋರ ಕಣ್ಣು, ಹೋದೋರ ಕಣ್ಣು" ಎಂದು ಕೂಸಿನ ಸುತ್ತ ನೀವಾಳಿಸಿ ಒಲೆಗೆ ಎಸೆದಳು. ಮೇಡಂ ಕಣ್ಣು ಉಳಿದ ಕೂಸುಗಳ ಮೇಲೂ ಆಡಿತ್ತಲ್ಲ! ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಬಾಚತೊಡಗಿದರು. ತುಂಡೂ ಇಡದವಳು ಎರಡೂ ಕೈಯಲ್ಲಿ ತುಂಬಿಕೊಂಡಳು. ನೋಡುನೋಡುತ್ತ ರಾಶಿ ಖಾಲಿ.

ಆಮೇಲೆ ಎಲ್ಲರೂ ಮೂಗು ಎತ್ತಿ ಕಾದರು. ಘಾಟು ಬಂದರೆ ನೆದರು ತಾಗಿಲ್ಲ, ಬರದಿದ್ದರೆ ತಾಗಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ; ಕಾಯುವುದೂ ಸ್ವಲ್ಪ ಹೆಚ್ಚೇ. ಕಡೆಗೊಮ್ಮೆ ಹೊಗೆ ಎದ್ದು ಎಲ್ಲರೂ ಕೆಮ್ಮತೊಡಗಿದಾಗ ಹೆಂಗಸರ ಮುಖ ಅರಳಿತು.

ಮೇಡಂ ಕಣ್ಣೊರೆಸಿಕೊಳ್ಳುತ್ತ ಕೇಳಿದರು: "ಸೊರಗಿದ ಮಗುಗೂ ದೃಷ್ಟಿ ಆಗುತ್ತೇನಮ್ಮಾ?"

"ಸೊರಗಿದ್ದಕ್ಕ ಯಾರು ನೆದರ ಹಚ್ಚತಾರ್ರಿ ಬಾಯಾರ!" ಎಂದು ಹಿರಿಯಳು ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮೇಡಂ ರಾಶಿಯಿದ್ದ ಜಾಗವನ್ನೊಮ್ಮೆ, ಒಲೆಯನ್ನೊಮ್ಮೆ ನೋಡಿದರು. ಹೆಂಗಸರು ಮಾರುಕಟ್ಟೆಗೆ ಹೊರಟ ಮೇಲೆ ಬಾಗಿಲ ಬಳಿ ನನ್ನ ಕೈ ಹಿಡಿದುಕೊಂಡರು. "ಮುಚ್ಚೋ ಮಾತೇ ಇಲ್ಲ. ಈ ಶಿಶುವಿಹಾರ ಮುಂದುವರಿಯುತ್ತೆ, ನಾನು ಹೇಳ್ತೀನಿ. ಇಷ್ಟು ಚೆನ್ನಾಗಿ ನಡೀತಿರೋದನ್ನ ನಾನೆಲ್ಲೂ ನೋಡಿಲ್ಲ. ನಿಮ್ಮ ಮಗಳಂತೂ ಬೊಂಬೆ!" ಎಂದು ಅವಳ ಕೆನ್ನೆ ಸವರಿ ಬಸ್ಸಿಗೆ ಹೊರಟುಹೋದರು.

ಕುಣಿದಾಡಬೇಕಿತ್ತು ನಾನು. ಬದಲಿಗೆ ಹೆದರಿಕೆ ಹತ್ತಿತು. ಒಂದೇ ಉಸಿರಲ್ಲಿ ಸಾಲಿಯನ್ನೂ ಹೊಗಳಿದರು, ಮಗಳನ್ನೂ ಹೊಗಳಿದರು. ಅಂಗಳಕ್ಕೆ ಓಡಿ ಬಂದು ಹುಡುಕಿದೆ: ಒಂದು ಮೆಣಸಿನಕಾಯಿಯೂ ಉಳಿದಿರಲಿಲ್ಲ. ಬ್ಯಾಡಗಿಯಲ್ಲಿ ನಿಂತು ನನ್ನ ಕೈಗೆ ಒಂದು ಮೆಣಸಿನಕಾಯಿ ಸಿಗುತ್ತಿಲ್ಲ! ಮಗಳನ್ನು ಸೊಂಟಕ್ಕೇರಿಸಿ ರಸ್ತೆಗೆ ಓಡಿದೆ. ಚೀಲ ಹೇರಿದ ಚಕ್ಕಡಿಯೊಂದು ಮಾರುಕಟ್ಟೆ ಕಡೆ ಹೋಗುತ್ತಿತ್ತು. ಅದರಿಂದ ಉದುರಿದ ಒಂದನ್ನು ಧೂಳಿನಿಂದ ಎತ್ತಿಕೊಂಡು ಬಂದೆ. ಇಬ್ಬರಿಗೆ ಒಂದೇ. ಮಗಳನ್ನು ಸಾಲಿಯ ಹೊಸ್ತಿಲ ಮೇಲೆ ಕೂರಿಸಿ, ಅವಳಿಗೂ ಬಾಗಿಲಿಗೂ ಸೇರಿಸಿ ನೀವಾಳಿಸಿ ಒಲೆಗೆ ಹಾಕಿದೆ.

ಹೊಗೆ ಬರಲಿಲ್ಲ. ಬಗ್ಗಿ ಊದಿದೆ. ಆ ಕೂಸುಗಳು ಕೆಮ್ಮಬಾರದು ಎಂದೇ ಈ ಸಾಲಿ ಕಟ್ಟಿದ್ದೆವು, ಅದಕ್ಕಾಗಿಯೇ ಇಷ್ಟು ದಿನ ಹೆದರಿ ಸತ್ತಿದ್ದೆ. ಈಗ ಅದೇ ಒಲೆಯ ಮುಂದೆ ಕೂತು ಕೆಮ್ಮು ಬರಲಿ, ಕೆಮ್ಮು ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹಿಂದಿನಿಂದ ಮಗಳು ಖೊಕ್ ಎಂದು ಕೆಮ್ಮಿದಳು. ಅವಳನ್ನು ಬಾಚಿ ಎತ್ತಿಕೊಂಡು ಅತ್ತುಬಿಟ್ಟೆ.