ದಾನೇಶ್ವರಿಯ ಎರಡು ಕೀಲಿ

ದಾನೇಶ್ವರಿ ನಮ್ಮ ಎದುರು ಮನೆಯ ಹುಡುಗಿ. ಹುಡುಗಿ ಅಂದರೆ ಮೂವತ್ತು ದಾಟಿದವಳು. ರಬಕವಿಯ ನಮ್ಮ ಓಣಿಯಲ್ಲಿ ಮದುವೆಯಾಗದವರೆಲ್ಲ ಹುಡುಗಿಯರೇ. ಜಮಖಂಡಿಯಲ್ಲಿ ಬಿಸಿಎ ಓದಿ, ಸಮೀರವಾಡಿಯ ಅಂಗಡಿಯೊಂದರಲ್ಲಿ ಬಿಲ್ಲು ಹೊಡೆದು ಹೊಡೆದು ಬೇಸತ್ತು, ಊರಿಗೆ ಬಂದು ವೆಬ್‌ಸೈಟ್ ಕಟ್ಟುವುದನ್ನು ಕನ್ನಡದಲ್ಲಿ ಕಲಿಸತೊಡಗಿದಳು. ನಾನು ಕುಪ್ಪಸ ಹೊಲಿಯುವಾಕೆ. ನನ್ನ ಡಿಸೈನುಗಳಿಗೂ ಒಂದು ಸೈಟು ಇರಲಿ ಎಂಬ ಹುಚ್ಚು ಹಿಡಿದು ಮೊದಲ ತಂಡದಲ್ಲೇ ಹೋಗಿ ಕೂತೆ.

ಅವಳ ಪಾಠ ಕೇಳಬೇಕು ನೀವು. "ಮನೀಷಕ್ಕ, ಸೀರಿ ಒಡಲಿನ ಹಾಸು, ಅಂದ್ರ ಉದ್ದೆಳಿ, ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಹೌದಿಲ್ಲ? ಎರಡೂ ಕೂಡಿಸಿ ನೇಯ್ತೇವಿ. ಸೈಟೂ ಹಂಗ. ಗಿರಾಕಿ ನೋಡೂ ಪುಟ ಬ್ಯಾರೆ, ಹಿಂದ ಮಾಹಿತಿ ಇಡೂ ಜಾಗ ಬ್ಯಾರೆ, ಆರ್ಡರ್ ತಗೊಳ್ಳೂ ಭಾಗ ಬ್ಯಾರೆ. ಒಂದು ಕೆಟ್ಟರ ಅದನ್ನಷ್ಟ ಬಿಚ್ಚಿ ರಿಪೇರಿ ಮಾಡಬೇಕು. ಎಲ್ಲಾ ಒಂದರಾಗ ಕಲಸಿಟ್ಟರ, ಒಂದು ಎಳಿ ಹರಿದರೂ ಅಂಗಡಿನ ಬಂದ್!" ಇಂಗ್ಲಿಷಿನಲ್ಲಿ ಇದಕ್ಕೆ ಏನೇನೋ ದೊಡ್ಡ ಹೆಸರುಗಳಿವೆಯಂತೆ. ನನಗೆ ಸೆರಗಿನಿಂದಲೇ ಅರ್ಥವಾಯಿತು.

ಈ ಪಾಠಗಳನ್ನೆಲ್ಲ ಚಿತ್ರ ಬರೆದು, ವಿವರ ಬರೆದು, ತನ್ನದೇ ಒಂದು ಸೈಟು ಕಟ್ಟಿ ಅದರಲ್ಲಿ ಹಾಕಿದ್ದಳು. ಮುಧೋಳದ ಕಡೆಯ ಒಂದು ಖಾಸಗಿ ಕಾಲೇಜು ಇದನ್ನೇ ಕಲಿಸುವ ಮೇಷ್ಟ್ರನ್ನು ಹುಡುಕುತ್ತಿತ್ತು. ಅವಳು ಅರ್ಜಿ ಹಾಕಿದಳು. "ಸೋಮವಾರ ಬನ್ನಿ, ನಿಮ್ಮ ಪಾಠಗಳನ್ನು ತೋರಿಸಿ" ಎಂದು ಕರೆ ಬಂತು. ಆ ಹುಡುಗಿ ಅಷ್ಟು ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಸೈಟಿಗೆ ಅವಳು ಎರಡು ಕೀಲಿ ಇಟ್ಟಿದ್ದಳು. ಒಡೆತನ ಬದಲಿಸಬೇಕಾದರೆ ಎರಡು ಫೋನಿಗೆ ಬರುವ ಎರಡು ಓಟಿಪಿ ಬೇಕು. ಒಂದು ಅವಳ ಫೋನು, ಇನ್ನೊಂದು ಸೋದರಮಾವ ಬಾಳಾಸಾಹೇಬನದು. ಮಾವನದು ಯಾಕೆ ಅಂದರೆ, ಅವರ ಮನೆಯಲ್ಲಿ ಮಗ್ಗಕ್ಕೆ ಹೊಸ ಹಾಸು ಏರಿಸಿದಾಗ ಮೊದಲ ಎಳೆ ಹೊಸೆದು ಕೂಡಿಸುವುದು ಸೋದರಮಾವ. ಅದಿಲ್ಲದೆ ಯಾವ ಕೆಲಸವೂ ಶುರುವಾಗುವುದಿಲ್ಲ. ಕಂಪ್ಯೂಟರಿಗೂ ಅದೇ ಶಾಸ್ತ್ರ ಮಾಡಿದಳು ನಮ್ಮ ಬುದ್ಧಿವಂತೆ! ಬಾಳಾಸಾಹೇಬನ ಸೀರೆ ಅಂಗಡಿಯ ಮೇಲಿನ ಕೋಣೆಯಲ್ಲೇ ಕ್ಲಾಸೂ ನಡೆಯುತ್ತಿತ್ತು. ಪಾಠದ ನಡುವೆ ರಿಂಗಾಗುತ್ತದೆಂದು ಅವಳು ತನ್ನ ಫೋನನ್ನು ಮನೆಯಲ್ಲಿ ತಾಯಿ ಕಸ್ತೂರೆವ್ವನ ಕೈಗೆ ಕೊಟ್ಟು ಬರುತ್ತಿದ್ದಳು.

ಸೋಮವಾರ ಇನ್ನೂ ದೂರವಿತ್ತು. ಒಂದು ದಿನ ಕ್ಲಾಸಿನಲ್ಲಿ ಸೈಟು ತೆರೆದಳು. ಮೇಲೆ ಟೈ ಕಟ್ಟಿಕೊಂಡ ಒಬ್ಬನ ಫೋಟೋ. ಬಾಳಾಸಾಹೇಬನ ಮಗ ಸಿದ್ದಾರ್ಥ! ಕೆಳಗೆ ಅವಳದೇ ಚಿತ್ರ, ಅವಳದೇ ಸೆರಗು-ಒಡಲಿನ ಮಾತು. "ಪಾಠ ರಚನೆ: ಸಿದ್ದಾರ್ಥ" ಎಂದು ಬರೆದಿತ್ತು. ತನ್ನ ಪಾಸ್‌ವರ್ಡ್ ಹಾಕಿದಳು, ಒಳಗೆ ಬಿಡಲಿಲ್ಲ. ಮತ್ತೆ ಹಾಕಿದಳು. ಆಗಲೂ ಬಿಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಜೊತೆ ನಾನೂ ದಡದಡ ಇಳಿದು ಅಂಗಡಿಗೆ ಹೋದೆ.

ಬಾಳಾಸಾಹೇಬ ಗಾದಿಯ ಮೇಲೆ ಕೂತು ಸೀರೆ ಮಡಚುತ್ತಿದ್ದ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಮಾಮಾ, ಅವು ನನ್ನ ಪಾಠ."

"ಯಾರು ಇಲ್ಲ ಅಂದ್ರವ್ವಾ? ಮನಿ ಒಂದ ಐತಿ, ಹೆಸರು ಯಾರದಿದ್ದರೇನು? ಆ ಕಾಲೇಜಿಗೆ ಸಿದ್ದಾರ್ಥನೂ ಅರ್ಜಿ ಹಾಕಿದ್ದ. ಅವಗ ನಿನ್ನೆನ ಕರದಿದ್ರು, ಹೋಗಿ ತೋರಿಸಿ ಬಂದ, ಕೆಲಸ ಆತು. ಗಂಡ ಹುಡುಗಗ ಒಂದು ದಾರಿ ಆಗಬೇಕಲ್ಲ."

"ಎಷ್ಟು ಚಂದ ಮಾತಾಡ್ತೀರಿ ಬಾಳಾಸಾಹೇಬರ!" ಎಂದೆ ನಾನು. "ಬೇಲಿನ ಎದ್ದು ಹೊಲ ಮೇಯ್ದರ ಇನ್ನ ಯಾರಿಗೆ ಹೇಳಬೇಕ್ರಿ?" ಅವನು ನನ್ನ ಕಡೆ ನೋಡಲೂ ಇಲ್ಲ, ಬಂದ ಗಿರಾಕಿಗೆ ನೀರು ತರಿಸಿದ.

ದಾರಿಯಲ್ಲಿ ದಾನೇಶ್ವರಿ ಒಂದೇ ಮಾತು ಹೇಳುತ್ತಿದ್ದಳು: "ಮಾಮಾನ ಕೀಲಿ ಮಾಮಾನ ಕಡೆ ಇತ್ತು. ನನ್ನ ಕೀಲಿ ಹೆಂಗ ಹೋತು ಅಕ್ಕಾ?" ಯಾರೋ ಕಳ್ಳತನದಿಂದ ಒಳಗೆ ನುಗ್ಗಿರಬೇಕು, ತಾನು ಕಟ್ಟಿದ್ದರಲ್ಲೇ ಎಲ್ಲೋ ಸಂದು ಉಳಿದಿರಬೇಕು ಎಂದು ಅವಳ ಅನುಮಾನ. ಅನುಮಾನ ಪಡಬೇಕಾದ ಜಾಗ ಬೇರೆ ಇದೆ ಎಂದು ನನಗೆ ಆಗಲೇ ಅನ್ನಿಸುತ್ತಿತ್ತು. ಬಾಯಿ ಬಿಡಲು ಧೈರ್ಯವಾಗಲಿಲ್ಲ.

ಕಸ್ತೂರೆವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗಳ ಮುಖ ಕಂಡದ್ದೇ ಮೊರದಲ್ಲಿ ಕೈ ನಿಂತಿತು. ಯಾರೂ ಏನೂ ಕೇಳುವ ಮೊದಲೇ ಅವಳೇ ಹೇಳಿದಳು.

"ನಾನ ಹೇಳೇನಿ ಬೇ. ನೀ ಪಾಠಕ್ಕ ಹೋದಾಗ ನನ್ನ ತಮ್ಮ ಬಂದು ಇಲ್ಲೇ ಕುಂತಿದ್ದ. ಫೋನಿನ್ಯಾಗ ಬಂದ ನಂಬರು ಓದಿ ಹೇಳು ಅಂದ, ಓದಿ ಹೇಳಿದೆ."

"ಯಾತಕ್ಕಂತ ಗೊತ್ತಿರಲಿಲ್ಲ, ಹೌದಲ್ಲ ಅವ್ವಾ?" ದಾನೇಶ್ವರಿ ಕೇಳಿದ್ದು ಹೌದು ಅನ್ನಿಸಿಕೊಳ್ಳುವುದಕ್ಕೇ. ಒಂದು ಸುಳ್ಳು ಹೇಳಿದ್ದರೂ ಅವಳು ನಂಬುತ್ತಿದ್ದಳು. ಹೇಳಬಾರದಿತ್ತೇ ಆ ಮುದುಕಿ!

"ಗೊತ್ತಿತ್ತು," ಎಂದಳು ಕಸ್ತೂರೆವ್ವ. "ನನ್ನ ತವರಿಗೆ ಸಿದ್ದಾರ್ಥ ಒಂದ ಕುಡಿ. ತಮ್ಮ ನನ್ನ ಕೈ ಹಿಡಕೊಂಡು ಅತ್ತ. ಇಲ್ಲ ಅನ್ನಾಕ ಆಗಲಿಲ್ಲ. ನೀ ಶ್ಯಾಣ್ಯಾಕಿ, ಮತ್ತೊಂದು ಪಾಠ ಮಾಡ್ಕೋತಿ ಅಂದ್ಕೊಂಡೆ."

ದಾನೇಶ್ವರಿ ಕೂಗಾಡಲಿಲ್ಲ. ಹೊಸ್ತಿಲ ಮೇಲೆ ಕೂತಳು.

"ಪಾಠ ಮತ್ತೊಂದು ಮಾಡ್ತೇನಿ ಅವ್ವಾ," ಎಂದಳು. "ಮತ್ತೊಬ್ಬ ಅವ್ವನ್ನ ಎಲ್ಲಿಂದ ತರಲಿ?"

ಕಸ್ತೂರೆವ್ವ ತಲೆ ತಗ್ಗಿಸಿ ಮತ್ತೆ ಜೋಳದಲ್ಲಿ ಕಲ್ಲು ಹುಡುಕತೊಡಗಿದಳು.