ಬೋಣಿಯ ಕರ್ಪೂರ

ನಾರಾಯಣಖೇಡದಲ್ಲಿ ನಾನು ಬೋರಿನ ಮೋಟರುಗಳಿಗೆ ವೈಂಡಿಂಗ್ ಮಾಡುತ್ತೇನೆ. ಬಜಾರಿನ ಕಿರಾಣಿ ಸಾವಕಾರರ ಹೊಲದ ಮೋಟರು ಸುಟ್ಟಾಗ ರಿಪೇರಿ ಮಾಡಿಕೊಟ್ಟೆ. ನೀರು ಅಂದೇ ಬಂತು, ರೊಕ್ಕ ಬರಲಿಲ್ಲ.

ನನ್ನ ಅಂಗಡಿ ತೆರೆಯುವ ಮುಂಚೆ ಹೋದರೆ, “ಇನ್ನಾ ಬೋಣಿ ಆಗಿಲ್ರಿ ಅಣ್ಣಾರ. ಮೊದಲನೇ ಗಿರಾಕಿ ಬರೂದಕ್ಕ ಮುಂಚೆ ಗಲ್ಲಾದಾಗಿನ ರೊಕ್ಕ ಹ್ಯಾಂಗ ತೆಗೀಲಿ?” ಎನ್ನುವರು. ಹಗಲೆಲ್ಲ ಕೆಲಸ ಬಿಟ್ಟು ಹೋಗುವಂತಿಲ್ಲ; ಅಂಗಡಿ ಮುಚ್ಚಿ ಸಂಜೆ ಹೋದರೆ, “ದೀಪ ಹಚ್ಚಿದ ಮ್ಯಾಲ ಲಕ್ಷ್ಮೀನ ಹೊರಗ ಕಳಸ್ತಾರೇನ್ರಿ?” ಎನ್ನುವರು. ನಮ್ಮ ಮನೆಯಲ್ಲೂ ಇದೇ ನೇಮ, ಹಾಗಾಗಿ ಎದುರಾಡುವಂತಿರಲಿಲ್ಲ. ಅತ್ತ ತಾಮ್ರದ ತಂತಿ ಮಾರುವವರು ಹಳೆಯ ಬಾಕಿ ತೀರದೆ ಹೊಸ ತಂತಿ ಇಲ್ಲವೆಂದರು. ತಂತಿ ಇಲ್ಲದಿದ್ದರೆ ನನ್ನ ಕೆಲಸವೇ ನಿಲ್ಲುತ್ತದೆ.

ಮರುದಿನ ಲಿಂಗಪೂಜೆಗೆ ಕೂತಾಗ ಉಪಾಯ ಹೊಳೆಯಿತು. ಪೂಜೆಯ ಹೊತ್ತಿನಲ್ಲಿ ರೊಕ್ಕದ ಚಿಂತೆ ಮಾಡಿದ್ದನ್ನು ಶಿವ ಕ್ಷಮಿಸಲಿ. ಸಾವಕಾರರು ಬಾಗಿಲು ತೆಗೆದು ಊದುಬತ್ತಿ ಹಚ್ಚುವ ಹೊತ್ತಿಗೆ ಹೋಗಿ ನಿಂತೆ.

“ಬೋಣಿ ಆಗಿಲ್ರಿ,” ಎಂದರು, ತಿರುಗಿಯೂ ನೋಡದೆ.

“ಗೊತ್ತದರಿ ಸಾವಕಾರ್ರ. ಒಂದು ಡಬ್ಬಿ ಕರ್ಪೂರ ಕೊಡ್ರಿ,” ಎಂದು ನೋಟು ಚಾಚಿದೆ.

ಬೋಣಿಯ ನೋಟನ್ನು ಯಾವ ವ್ಯಾಪಾರಿ ಬೇಡವೆಂದಾನು? ಕಣ್ಣಿಗೊತ್ತಿಕೊಂಡು ಗಲ್ಲಾದಲ್ಲಿ ಹಾಕಿದರು.

“ಈಗ ಬೋಣಿ ಆತಲ್ರಿ,” ಎಂದೆ. “ಸಂಜಿ ದೀಪಕ್ಕ ಇನ್ನಾ ಭಾಳ ಹೊತ್ತದ.”

ಸಾವಕಾರರು ನಕ್ಕುಬಿಟ್ಟರು. “ಇದನ್ನ ಬಜಾರದಾಗ ಯಾರಿಗೂ ಹೇಳಬ್ಯಾಡ್ರಿ,” ಎನ್ನುತ್ತ ಪೂರ್ತಿ ರೊಕ್ಕ ಕೊಟ್ಟರು.

ನಾನು ಯಾರಿಗೂ ಹೇಳಿಲ್ಲ. ಆದರೆ ಬಾಕಿ ಇಟ್ಟ ಉಳಿದ ಕಿರಾಣಿ ಅಂಗಡಿಗಳಿಗೂ ಈಗ ಮೊದಲ ಗಿರಾಕಿ ನಾನೇ. ಇಷ್ಟು ಕರ್ಪೂರ ತೀರಬೇಕಾದರೆ ವರ್ಷಕ್ಕೆ ಎರಡು ಶಿವರಾತ್ರಿ ಬರಬೇಕೆಂದು ಮನೆಯಾಕೆ ಗೊಣಗುತ್ತಾಳೆ.